ಮಗಳು ಹಾಕುವ ಕಾಮಾ, ಮಾವನವರು ಅಳಿಸುವ ಕಾಮಾ

ಪ್ರಶ್ನೆ: ಪೊನ್ನಂಪೇಟೆಯ ಬಳಿ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ, ಜೊತೆಗೆ ಸ್ವಲ್ಪ ಕಾಫಿ ತೋಟ. ಅತಿಥಿಗಳಿಗೆ ಕೊಡಲು ಇಂಗ್ಲಿಷ್‌ನಲ್ಲಿ ಹೊಸ ಕರಪತ್ರ ಮಾಡಿಸುತ್ತಿದ್ದೇವೆ. ಅಮೆರಿಕದ ಕಂಪನಿಯೊಂದರ ಬೆಂಗಳೂರು ಕಚೇರಿಯಲ್ಲಿ ಕೆಲಸ ಮಾಡುವ ಮಗಳು, ಪಟ್ಟಿಯ ಕೊನೆಯಲ್ಲಿ ಬರುವ ‘ಅಂಡ್’ ಎಂಬ ಪದಕ್ಕೆ ಮೊದಲು ಕಾಮಾ ಹಾಕಿ ಕಳಿಸುತ್ತಾಳೆ. ನಿವೃತ್ತ ಮುಖ್ಯೋಪಾಧ್ಯಾಯರಾದ ಮಾವನವರು ಕೆಂಪು ಪೆನ್ನು ಹಿಡಿದು ಅದನ್ನು ಹೊಡೆದುಹಾಕುತ್ತಾರೆ. ಪ್ರೆಸ್ಸಿನವರು ಕಾದು ಕುಳಿತಿದ್ದಾರೆ. ಕಾಳುಮೆಣಸಿನ ಗುತ್ತಿಗೆ ಪತ್ರವೂ ಇಂಗ್ಲಿಷ್‌ನಲ್ಲೇ ತಯಾರಾಗುತ್ತಿದೆ, ಅಲ್ಲಿಯೂ ಇದೇ ವಾದ. ಎರಡೂ ಕರಡುಗಳನ್ನು ಲಗತ್ತಿಸಿದ್ದೇನೆ. ಯಾರು ಸರಿ?

ಉತ್ತರ: ಇಬ್ಬರೂ ಸರಿ. ಮನೆಯ ಶಾಂತಿಗಾಗಿ ಹೇಳುತ್ತಿರುವ ಮಾತಲ್ಲ ಇದು. ಮಗಳು ರೂಢಿಸಿಕೊಂಡ ಇಂಗ್ಲಿಷ್ ಒಂದು ಅಚ್ಚುಮನೆಯ ಪದ್ಧತಿ, ಮಾವನವರು ಕಲಿಸಿಕೊಂಡು ಬಂದ ಇಂಗ್ಲಿಷ್ ಇನ್ನೊಂದು ಅಚ್ಚುಮನೆಯ ಪದ್ಧತಿ. ಅವರವರ ಮನೆಯ ಪದ್ಧತಿಯನ್ನೇ ವ್ಯಾಕರಣ ಎಂದು ತಿಳಿದುಕೊಂಡದ್ದರಿಂದ ಈ ತಕರಾರು ನೂರು ವರ್ಷ ದಾಟಿದರೂ ಆರಿಲ್ಲ. ಆದರೆ ನೀವು ಕಳಿಸಿದ ಎರಡು ಕರಡುಗಳಲ್ಲಿ ಗುತ್ತಿಗೆ ಪತ್ರದ್ದು ಬೇರೆಯೇ ಕಥೆ. ಅಲ್ಲಿ ಹಣ ಕಳೆದುಕೊಳ್ಳುವ ಒಂದು ಸಾಲು ಇದೆ. ಕಾಮಾ ಹಾಕಿದರೂ ಅದು ಸರಿಹೋಗುವುದಿಲ್ಲ, ತೆಗೆದರೂ ಸರಿಹೋಗುವುದಿಲ್ಲ. ಅದನ್ನು ಕೊನೆಯಲ್ಲಿ ನೋಡೋಣ.

ಮೊದಲು ಈ ಚಿಹ್ನೆಯ ಜಾತಕ. ಮೂರು ಅಥವಾ ಅದಕ್ಕಿಂತ ಹೆಚ್ಚು ವಸ್ತುಗಳ ಪಟ್ಟಿಯಲ್ಲಿ ಕೊನೆಯ ‘ಅಂಡ್’ ಅಥವಾ ‘ಆರ್’ ಪದಕ್ಕೆ ಮುನ್ನ ಬರುವ ಅಲ್ಪವಿರಾಮಕ್ಕೆ ಸೀರಿಯಲ್ ಕಾಮಾ ಎಂದು ಹೆಸರು. ಆಕ್ಸ್‌ಫರ್ಡ್ ಕಾಮಾ ಎಂಬುದು ಅದರ ಹೆಚ್ಚು ಪ್ರಸಿದ್ಧವಾದ ಹೆಸರು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯವನ್ನು ನೋಡಿಕೊಳ್ಳುತ್ತಿದ್ದ ಹೊರೇಸ್ ಹಾರ್ಟ್ ಎಂಬವರು 1893ರಲ್ಲಿ ಅಚ್ಚುಮೊಳೆ ಜೋಡಿಸುವವರಿಗೂ ಕರಡು ತಿದ್ದುವವರಿಗೂ ನಿಯಮಗಳ ಒಂದು ಕಿರುಹೊತ್ತಿಗೆ ಮಾಡಿದರು. ಮನೆಯೊಳಗಿನ ಬಳಕೆಗೆಂದು ಮಾಡಿದ ಅದು 1904ರಲ್ಲಿ ಸಾರ್ವಜನಿಕರ ಕೈಗೂ ಬಂತು. ಆ ಮುದ್ರಣಾಲಯ ಇಂದಿಗೂ ಕೊನೆಯ ಕಾಮಾ ಹಾಕುತ್ತದೆ. ಅತ್ತ ಅಮೆರಿಕದಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಮುದ್ರಣಾಲಯ 1906ರಲ್ಲಿ ತನ್ನ ಶೈಲಿ ಕೈಪಿಡಿಯನ್ನು ಹೊರತಂದಿತು. ಅಮೆರಿಕದ ಪುಸ್ತಕ ಪ್ರಕಾಶಕರಲ್ಲಿ ಬಹುಪಾಲು ಮಂದಿ ಅನುಸರಿಸುವ ಆ ಕೈಪಿಡಿ ಕೂಡ ಕಾಮಾ ಹಾಕಿ ಎಂದೇ ಒತ್ತಿ ಹೇಳುತ್ತದೆ. ಮಗಳ ಕಚೇರಿಗೆ ಈ ಅಭ್ಯಾಸ ಹರಿದು ಬಂದದ್ದು ಈ ಕಡೆಯಿಂದಲೇ ಇರಬೇಕು.

ಪತ್ರಿಕೆಗಳ ದಾರಿ ಬೇರೆ. ಅಸೋಸಿಯೇಟೆಡ್ ಪ್ರೆಸ್ ಸುದ್ದಿ ಸಂಸ್ಥೆಯ ಶೈಲಿ ಕೈಪಿಡಿಯ ಪ್ರಕಾರ ಸರಳ ಪಟ್ಟಿಗೆ ಆ ಕಾಮಾ ಬೇಡ. ನ್ಯೂಯಾರ್ಕ್ ಟೈಮ್ಸ್ ಸಾಮಾನ್ಯವಾಗಿ ಹಾಕುವುದಿಲ್ಲ, ಲಂಡನ್ನಿನ ಗಾರ್ಡಿಯನ್ ಕೂಡ ಅಗತ್ಯ ಬಿದ್ದರೆ ಮಾತ್ರ. ಇಕ್ಕಟ್ಟಾದ ಕಾಲಂನಲ್ಲಿ ಒಂದೊಂದು ಮೊಳೆಯ ಜಾಗವೂ ಮುಖ್ಯವಾಗಿದ್ದ ಕಾಲದ ಅಭ್ಯಾಸವಿದು ಎಂದು ಕಾರಣ ಕೊಡುವುದುಂಟು. ನಾನು ಬಹುಕಾಲ ಇಂಗ್ಲಿಷ್ ಪತ್ರಿಕೆಯ ಡೆಸ್ಕಿನಲ್ಲಿ ಕರಡು ತಿದ್ದಿದವನು. ಹಾಗಾಗಿ ನನ್ನ ಕೈ ಈಗಲೂ ತಾನಾಗಿ ಮಾವನವರ ಕಡೆಗೆ ವಾಲುತ್ತದೆ. ಇಲ್ಲಿ ಒಂದು ವಿಷಯ ಗಮನಿಸಿ: ಕಾಮಾ ಹಾಕುವುದು ಅಮೆರಿಕದ್ದು, ಬಿಡುವುದು ಬ್ರಿಟನ್ನಿನದು ಎಂದು ಹೇಳುವ ವಾಡಿಕೆ ಇದೆಯಲ್ಲ, ಅದು ಅರ್ಧ ಮಾತ್ರ ನಿಜ. ಹಾಕುವವರಲ್ಲಿ ಆಕ್ಸ್‌ಫರ್ಡ್ ಇದೆ, ಬಿಡುವವರಲ್ಲಿ ನ್ಯೂಯಾರ್ಕ್ ಇದೆ. ಪುಸ್ತಕದವರು ಒಂದು ಕಡೆ, ಪತ್ರಿಕೆಯವರು ಇನ್ನೊಂದು ಕಡೆ ಎಂದರೆ ಸತ್ಯಕ್ಕೆ ಹೆಚ್ಚು ಹತ್ತಿರ.

ಮಾವನವರ ಕೆಂಪು ಪೆನ್ನಿಗೂ ಬಲವಾದ ಆಧಾರ ಇದೆ. ನಮ್ಮ ದೇಶದಲ್ಲಿ ತಲೆಮಾರುಗಳಿಂದ ಇಂಗ್ಲಿಷ್ ಕಲಿಸಿದ ರೆನ್ ಅಂಡ್ ಮಾರ್ಟಿನ್ ವ್ಯಾಕರಣ, ‘ಅಂಡ್’ ಇರುವ ಕೊನೆಯ ಪದಕ್ಕೆ ಮುಂಚೆ ಸಾಮಾನ್ಯವಾಗಿ ಕಾಮಾ ಬರುವುದಿಲ್ಲ ಎಂದೇ ಹೇಳುತ್ತದೆ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆಂದರೆ ಸಂವಿಧಾನದ ಪ್ರಸ್ತಾವನೆಯ ಇಂಗ್ಲಿಷ್ ಪಾಠವನ್ನು ತೆಗೆದು ನೋಡಿ. ನ್ಯಾಯದ ಸಾಲಿನಲ್ಲಿ ‘ಸೋಷಿಯಲ್, ಎಕನಾಮಿಕ್ ಅಂಡ್ ಪೊಲಿಟಿಕಲ್’ ಎಂದಿದೆ. ಸ್ವಾತಂತ್ರ್ಯದ ಸಾಲಿನಲ್ಲಿ ‘ಥಾಟ್, ಎಕ್ಸ್‌ಪ್ರೆಶನ್, ಬಿಲೀಫ್, ಫೇಯ್ತ್ ಅಂಡ್ ವರ್ಷಿಪ್’. ಎರಡು ಕಡೆಯೂ ಕೊನೆಯ ಕಾಮಾ ಇಲ್ಲ. ಮಗಳು ತಾತನಿಗೆ ‘ತಪ್ಪು’ ಎಂದು ಹೇಳುವುದಾದರೆ ಮೊದಲು ಸಂವಿಧಾನ ರಚನಾ ಸಭೆಗೆ ಹೇಳಬೇಕಾಗುತ್ತದೆ.

ಈ ಜಗಳ ನಿಮ್ಮ ಮನೆಯದೊಂದೇ ಎಂದು ಕೊರಗಬೇಡಿ. 2011ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಾರ್ವಜನಿಕ ಸಂಪರ್ಕ ವಿಭಾಗದ ಸೂಚನೆಯಲ್ಲಿ ಆ ಕಾಮಾ ಬೇಡ ಎಂದಿರುವುದು ಯಾರದೋ ಕಣ್ಣಿಗೆ ಬಿತ್ತು. ಆಕ್ಸ್‌ಫರ್ಡ್ ತನ್ನ ಕಾಮಾವನ್ನೇ ಕೈಬಿಟ್ಟಿತು ಎಂದು ಅಂತರ್ಜಾಲದಲ್ಲಿ ಗದ್ದಲವೋ ಗದ್ದಲ. ಮುದ್ರಣಾಲಯ ಮಾತ್ರ ತನ್ನ ನಿಯಮವನ್ನು ಮುಟ್ಟಿಯೇ ಇರಲಿಲ್ಲ. 2020ರಲ್ಲಿ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟ ನೆನಪಿಗೆ ತಂದ ಐವತ್ತು ಪೆನ್ಸ್ ನಾಣ್ಯದಲ್ಲಿ ಶಾಂತಿ, ಸಮೃದ್ಧಿ, ಸ್ನೇಹ ಎಂಬ ಮೂರು ಪದಗಳಿದ್ದವು, ಕೊನೆಯ ಕಾಮಾ ಇರಲಿಲ್ಲ. ವಿದ್ಯಾವಂತರು ಆ ನಾಣ್ಯವನ್ನು ಬಹಿಷ್ಕರಿಸಬೇಕು ಎಂದು ಲೇಖಕ ಫಿಲಿಪ್ ಪುಲ್‌ಮನ್ ಸಿಡುಕಿದರು. 2022ರಲ್ಲಿ ಅಲ್ಲಿನ ಆರೋಗ್ಯ ಸಚಿವೆ ಈ ಕಾಮಾ ಹಾಕಬೇಡಿ ಎಂದು ಇಲಾಖೆಯ ಸಿಬ್ಬಂದಿಗೆ ಸೂಚನೆ ಕಳಿಸಿ ಪತ್ರಿಕೆಗಳ ಬಾಯಿಗೆ ಬಿದ್ದರು. ಆಕೆಯ ಹೆಸರು ತೆರೇಸ್ ಕಾಫಿ. ಕೊಡಗಿನವರು ಕೇಳಿದರೆ ಯಾವ ತೋಟದವರು ಎಂದು ವಿಚಾರಿಸಿಯಾರು.

ಇನ್ನು ವಾದದ ತಿರುಳಿಗೆ ಬರೋಣ. ಕಾಮಾ ಹಾಕಬೇಕೆನ್ನುವವರ ಮುಖ್ಯ ವಾದ, ಅದು ಇಲ್ಲದಿದ್ದರೆ ಅರ್ಥ ಕೆಡುತ್ತದೆ ಎಂಬುದು. ಒಂದು ಉದಾಹರಣೆ ಹೊಸೆದು ನೋಡೋಣ. ಕಾಲೇಜು ವಿದ್ಯಾರ್ಥಿನಿಯೊಬ್ಬಳು ಪ್ರಾಜೆಕ್ಟ್ ವರದಿಯ ಮೊದಲ ಪುಟದಲ್ಲಿ ‘ಐ ಥ್ಯಾಂಕ್ ಮೈ ಪೇರೆಂಟ್ಸ್, ಕಾವೇರಮ್ಮ ಅಂಡ್ ಇಗ್ಗುತ್ತಪ್ಪ’ ಎಂದು ಬರೆದಳು ಎಂದುಕೊಳ್ಳಿ. ಅವಳ ಮನಸ್ಸಿನಲ್ಲಿರುವುದು ಮೂರು ಕೃತಜ್ಞತೆ: ಹೆತ್ತವರಿಗೆ, ತಲಕಾವೇರಿಯ ತಾಯಿಗೆ, ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವರಿಗೆ. ದೆಹಲಿಯ ಪರೀಕ್ಷಕರು ಓದಿದರೆ? ತಾಯಿಯ ಹೆಸರು ಕಾವೇರಮ್ಮ, ತಂದೆಯ ಹೆಸರು ಇಗ್ಗುತ್ತಪ್ಪ ಎಂದುಕೊಳ್ಳುತ್ತಾರೆ. ಅವರನ್ನು ದೂರುವಂತಿಲ್ಲ, ಕೊಡಗಿನಲ್ಲಿ ಕಾವೇರಮ್ಮ ಎಂಬ ಹೆಸರಿನ ಅಮ್ಮಂದಿರು ಬೇಕಾದಷ್ಟಿದ್ದಾರೆ. ‘ಅಂಡ್’ ಪದದ ಮೊದಲು ಒಂದು ಕಾಮಾ ಇಟ್ಟರೆ ಮೂವರೂ ಬೇರೆ ಬೇರೆಯಾಗಿ ನಿಲ್ಲುತ್ತಾರೆ. ಇಲ್ಲಿಗೆ ಮಗಳು ಗೆದ್ದಳು.

ಈಗ ಅದೇ ವಾಕ್ಯದಲ್ಲಿ ‘ಪೇರೆಂಟ್ಸ್’ ತೆಗೆದು ‘ಮದರ್’ ಎಂದು ಹಾಕಿ, ಮಗಳ ನಿಯಮದಂತೆ ಕಾಮಾವನ್ನೂ ಇಡಿ: ‘ಮೈ ಮದರ್, ಕಾವೇರಮ್ಮ, ಅಂಡ್ ಇಗ್ಗುತ್ತಪ್ಪ’. ಎರಡು ಕಾಮಾಗಳ ನಡುವೆ ಕುಳಿತ ಕಾವೇರಮ್ಮ ಈಗ ತಾಯಿಯ ಹೆಸರಾಗಿ ಓದಿಸಿಕೊಳ್ಳುತ್ತಾಳೆ, ಮೂರು ಕೃತಜ್ಞತೆ ಎರಡಕ್ಕೆ ಇಳಿಯುತ್ತದೆ. ಮಾವನವರ ನಿಯಮದಂತೆ ಕೊನೆಯ ಕಾಮಾ ತೆಗೆದು ನೋಡಿ: ‘ಮೈ ಮದರ್, ಕಾವೇರಮ್ಮ ಅಂಡ್ ಇಗ್ಗುತ್ತಪ್ಪ’. ತಾಯಿ ಒಬ್ಬಳೇ ಆದ್ದರಿಂದ ಅವಳಿಗೆ ಎರಡು ಹೆಸರು ಅಂಟುವುದಿಲ್ಲ, ಮೂವರೂ ಸರಿಯಾಗಿ ಬೇರ್ಪಡುತ್ತಾರೆ. ಪಟ್ಟಿಯ ಮೊದಲ ಪದ ಬಹುವಚನವಾಗಿದ್ದಾಗ ಕಾಮಾ ಕಾಪಾಡಿತು, ಏಕವಚನವಾದೊಡನೆ ಅದೇ ಕಾಮಾ ಕೈಕೊಟ್ಟಿತು. ಎರಡೂ ಪಕ್ಷದವರು ತಮಗೆ ಅನುಕೂಲವಾದ ಒಂದೇ ಉದಾಹರಣೆಯನ್ನು ಹಿಡಿದು ಕುಣಿಯುವುದರಿಂದ ಈ ಇನ್ನೊಂದು ಮುಖ ಹೆಚ್ಚು ಜನರ ಗಮನಕ್ಕೆ ಬರುವುದೇ ಇಲ್ಲ.

ಪರಿಹಾರ ಕಾಮಾದಲ್ಲಿ ಇಲ್ಲ, ಅನುಕ್ರಮದಲ್ಲಿ ಇದೆ. ‘ಇಗ್ಗುತ್ತಪ್ಪ, ಕಾವೇರಮ್ಮ ಅಂಡ್ ಮೈ ಪೇರೆಂಟ್ಸ್’ ಎಂದು ಬರೆದರೆ ಕಾಮಾ ಇರಲಿ ಬಿಡಲಿ ಗೊಂದಲವಿಲ್ಲ. ದೇವರನ್ನು ಮೊದಲು ನೆನೆಯುವ ನಮ್ಮ ರೂಢಿಗೂ ಅದೇ ಒಪ್ಪುತ್ತದೆ.

ಈಗ ನಿಮ್ಮ ಕರಪತ್ರ. ತೋಟದ ಪರಿಚಯದಲ್ಲಿರುವ ‘ಕಾಫಿ, ಪೆಪ್ಪರ್ ಅಂಡ್ ಆರೆಂಜಸ್’ ಎಂಬ ಸಾಲಿಗೆ ಕಾಮಾ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಇದರ ಮೇಲೆ ಕೆಂಪು ಶಾಯಿ ಖರ್ಚು ಮಾಡುವುದು ದಂಡ.

ಉಪಾಹಾರದ ಸಾಲಿನ ಮಾತು ಬೇರೆ. ಅಲ್ಲಿ ಮಗಳ ಕಾಮಾಗಳನ್ನು ಅಳಿಸಿದ ಮೇಲೆ ಉಳಿದದ್ದು ಹೀಗಿದೆ: ‘ಅಕ್ಕಿ ಒಟ್ಟಿ, ನೂಪುಟ್ಟು ಅಂಡ್ ಕೋಳಿ ಕರಿ ಅಂಡ್ ಕಡಂಬುಟ್ಟು ಅಂಡ್ ಪಂದಿ ಕರಿ’. ನಿಮಗೂ ನನಗೂ ಕಡಂಬುಟ್ಟಿನ (ಅಕ್ಕಿ ಕಡುಬಿನ) ಜೊತೆ ಪಂದಿ ಕರಿ (ಹಂದಿ ಮಾಂಸದ ಸಾರು), ನೂಪುಟ್ಟಿನ (ಒತ್ತು ಶಾವಿಗೆಯ) ಜೊತೆ ಕೋಳಿ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲ ಸಲ ಕೊಡಗಿಗೆ ಬಂದ ಲಖನೌದ ಕುಟುಂಬಕ್ಕೆ ಇದು ಐದು ತಿಂಡಿಯೋ ಮೂರು ತಿಂಡಿಯೋ ತಿಳಿಯುವುದಿಲ್ಲ. ಹಂದಿ ಮಾಂಸ ತಿನ್ನದವರು ಯಾವುದನ್ನು ಬಿಡಬೇಕು ಎಂಬುದೂ ತಿಳಿಯುವುದಿಲ್ಲ, ಅದು ಚಿಕ್ಕ ವಿಷಯವಲ್ಲ. ಪಟ್ಟಿಯ ಒಂದು ವಸ್ತುವಿನ ಒಳಗೇ ‘ಅಂಡ್’ ಇದ್ದರೆ ಕೊನೆಯ ‘ಅಂಡ್’ ಪದಕ್ಕೆ ಮೊದಲು ಕಾಮಾ ಹಾಕಲೇಬೇಕು ಎಂದು ಕಾಮಾ ವಿರೋಧಿಗಳ ಗುರುವಾದ ಅಸೋಸಿಯೇಟೆಡ್ ಪ್ರೆಸ್ಸೇ ಹೇಳುತ್ತದೆ. ಅವರ ಕೈಪಿಡಿ ಕೊಟ್ಟಿರುವ ಉದಾಹರಣೆಯೂ ಬೆಳಗಿನ ತಿಂಡಿಯದೇ: ಕಿತ್ತಳೆ ರಸ, ಟೋಸ್ಟ್, ಆಮೇಲೆ ಒಂದು ಕಾಮಾ, ಅನಂತರ ‘ಅಂಡ್ ಹ್ಯಾಮ್ ಅಂಡ್ ಎಗ್ಸ್’. ಮಾವನವರಿಗೆ ಇದನ್ನು ತೋರಿಸಿ. ಇನ್ನೂ ಒಳ್ಳೆಯದೆಂದರೆ ಜೋಡಿಯಾಗಿ ಬಡಿಸುವ ಕಡೆ ‘ಅಂಡ್’ ಬಿಟ್ಟು ‘ವಿತ್’ ಹಾಕುವುದು: ‘ಅಕ್ಕಿ ಒಟ್ಟಿ, ನೂಪುಟ್ಟು ವಿತ್ ಕೋಳಿ ಕರಿ, ಅಂಡ್ ಕಡಂಬುಟ್ಟು ವಿತ್ ಪಂದಿ ಕರಿ’. ಎಲ್ಲಕ್ಕಿಂತ ಒಳ್ಳೆಯದು ಒಂದು ತಿಂಡಿಗೆ ಒಂದು ಸಾಲು. ತಿಂಡಿಯ ಪಟ್ಟಿಯನ್ನು ವಾಕ್ಯದಲ್ಲಿ ಬರೆಯಬೇಕೆಂಬ ಕಟ್ಟುಪಾಡು ಎಲ್ಲಿಯೂ ಇಲ್ಲ.

ಚಾರಣದ ಸಾಲಿನಲ್ಲಿ ಇಬ್ಬರ ನಿಯಮವೂ ಸೋಲುತ್ತದೆ. ‘ತಡಿಯಂಡಮೋಳ್, ದಿ ಹೈಯೆಸ್ಟ್ ಪೀಕ್ ಇನ್ ಕೂರ್ಗ್, ಬ್ರಹ್ಮಗಿರಿ ಅಂಡ್ ಇರುಪ್ಪು ಫಾಲ್ಸ್’ ಎಂದಿದೆ. 1,748 ಮೀಟರ್ ಎತ್ತರದ ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಶಿಖರ ಎಂಬುದು ಸರಿ. ಆದರೆ ನಡುವೆ ಬಂದ ವಿವರಣೆ ಯಾರಿಗೆ ಸೇರಿದ್ದು? ಹಿಂದಿನ ಹೆಸರಿಗೋ ಮುಂದಿನ ಬ್ರಹ್ಮಗಿರಿಗೋ? ಅದೇ ಬೇರೊಂದು ತಾಣವೋ? ಕೊನೆಯಲ್ಲಿ ಕಾಮಾ ಹಾಕಿದರೂ ಬಿಟ್ಟರೂ ಈ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ವಸ್ತುಗಳ ಒಳಗೇ ಕಾಮಾ ಬಂದಾಗ ಹೊರಗಿನ ಗಡಿಗೆ ಅರ್ಧವಿರಾಮ ಬೇಕು. ಅಥವಾ ಶಿಖರದ ಹಿರಿಮೆಗೆ ಪ್ರತ್ಯೇಕ ವಾಕ್ಯ ಕೊಡಿ, ಅದಕ್ಕೆ ಆ ಯೋಗ್ಯತೆ ಇದೆ.

ಗುತ್ತಿಗೆ ಪತ್ರಕ್ಕೆ ಹೋಗುವ ಮೊದಲು ಅಮೆರಿಕದ ಮೇಯ್ನ್ ರಾಜ್ಯದ ಹಾಲಿನ ಲಾರಿ ಚಾಲಕರ ಕಥೆ ಹೇಳಬೇಕು. ವಾರಕ್ಕೆ ನಲವತ್ತು ಗಂಟೆ ಮೀರಿ ದುಡಿದರೆ ಒಂದೂವರೆ ಪಟ್ಟು ಕೂಲಿ ಕೊಡಬೇಕು ಎಂಬುದು ಆ ರಾಜ್ಯದ ಕಾನೂನು. ಬೇಗ ಕೆಡುವ ಆಹಾರದ ಕೆಲವು ಕೆಲಸಗಳಿಗೆ ಮಾತ್ರ ವಿನಾಯಿತಿ. ಡಬ್ಬಿಗೆ ತುಂಬುವುದು, ಸಂಸ್ಕರಿಸುವುದು, ಒಣಗಿಸುವುದು ಹೀಗೆ ಸಾಗಿದ ಆ ವಿನಾಯಿತಿಯ ಪಟ್ಟಿ ‘ಸ್ಟೋರಿಂಗ್, ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’ ಎಂದು ಮುಗಿಯುತ್ತಿತ್ತು. ‘ಶಿಪ್‌ಮೆಂಟ್’ ಆದ ಮೇಲೆ ಕಾಮಾ ಇರಲಿಲ್ಲ. ಓಕ್‌ಹರ್ಸ್ಟ್ ಎಂಬ ಡೇರಿಯ ಚಾಲಕರು ನ್ಯಾಯಾಲಯಕ್ಕೆ ಹೋದರು. ವಿನಾಯಿತಿ ಇರುವುದು ಸಾಗಣೆಗಾಗಲಿ ವಿತರಣೆಗಾಗಲಿ ‘ಪ್ಯಾಕ್ ಮಾಡುವ’ ಕೆಲಸಕ್ಕೆ, ನಾವು ಪ್ಯಾಕ್ ಮಾಡುವವರಲ್ಲ, ಹಂಚುವವರು, ಆದ್ದರಿಂದ ನಮ್ಮ ಹೆಚ್ಚುವರಿ ಕೂಲಿ ಕೊಡಿ ಎಂದರು. ವಿತರಣೆ ಎಂಬುದು ಪಟ್ಟಿಯ ಪ್ರತ್ಯೇಕ ಕೊನೆಯ ವಸ್ತು ಎಂದು ಡೇರಿ ವಾದಿಸಿತು.

ಡೇರಿಯ ವಾದ ಸುಲಭಕ್ಕೆ ತಳ್ಳಿಹಾಕುವಂಥದ್ದಾಗಿರಲಿಲ್ಲ. ಪ್ಯಾಕಿಂಗ್ ಕೊನೆಯ ವಸ್ತುವಾಗಿದ್ದರೆ ಅದರ ಹಿಂದೆ ಒಂದು ‘ಆರ್’ ಇರಬೇಕಿತ್ತಲ್ಲ? ಅದಲ್ಲದೆ ಮೇಯ್ನ್ ರಾಜ್ಯದ ಕಾನೂನು ಬರೆಯುವವರ ಕೈಪಿಡಿಯೇ ಕೊನೆಯ ಕಾಮಾ ಹಾಕಬೇಡಿ ಎಂದು ಹೇಳುತ್ತಿತ್ತು. ಚಾಲಕರ ಪರ ವಕೀಲರು ಪದಗಳ ರೂಪವನ್ನು ತೋರಿಸಿದರು: ಪಟ್ಟಿಯ ಕೆಲಸಗಳೆಲ್ಲ ‘ಇಂಗ್’ ಎಂದು ಮುಗಿಯುತ್ತವೆ, ‘ಶಿಪ್‌ಮೆಂಟ್’ ಮತ್ತು ‘ಡಿಸ್ಟ್ರಿಬ್ಯೂಷನ್’ ಮಾತ್ರ ಹಾಗಿಲ್ಲ, ಹಾಗಾಗಿ ಅವೆರಡೂ ‘ಪ್ಯಾಕಿಂಗ್ ಫಾರ್’ ಎಂಬುದಕ್ಕೆ ಸೇರಿದವು. 2017ರ ಮಾರ್ಚ್‌ನಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ, ಸಾಲು ಎರಡೂ ಅರ್ಥ ಕೊಡುತ್ತದೆ, ಅಂಥ ಸಂದರ್ಭದಲ್ಲಿ ಕೂಲಿ ಕಾನೂನನ್ನು ಕೆಲಸಗಾರರ ಪರವಾಗಿ ಓದಬೇಕು ಎಂದು ಚಾಲಕರ ಕಡೆಗೆ ತೀರ್ಪು ಕೊಟ್ಟಿತು. ಮರುವರ್ಷ 50 ಲಕ್ಷ ಡಾಲರ್‌ಗೆ ರಾಜಿಯಾಯಿತು. ಜಗತ್ತಿನೆಲ್ಲೆಡೆ ಪತ್ರಿಕೆಗಳು ಇದನ್ನು ಕಾಮಾದ ಗೆಲುವು ಎಂದು ಬರೆದವು. ಆದರೆ ಆ ರಾಜ್ಯದ ಶಾಸಕಾಂಗ ಆಮೇಲೆ ಮಾಡಿದ ತಿದ್ದುಪಡಿಯನ್ನು ನೋಡಿ. ಬರೀ ಒಂದು ಕಾಮಾ ಸೇರಿಸಿ ಅವರು ಸುಮ್ಮನಾಗಲಿಲ್ಲ. ಕೆಲಸಗಳ ನಡುವೆ ಅರ್ಧವಿರಾಮ ಹಾಕಿದರು, ‘ಡಿಸ್ಟ್ರಿಬ್ಯೂಷನ್’ ತೆಗೆದು ‘ಡಿಸ್ಟ್ರಿಬ್ಯೂಟಿಂಗ್’ ಮಾಡಿದರು. ಸುಟ್ಟುಕೊಂಡವರಿಗೆ ಕಾಮಾದ ಮೇಲೆ ನಂಬಿಕೆ ಉಳಿದಿರಲಿಲ್ಲ.

ನಮ್ಮ ನ್ಯಾಯಾಲಯಗಳು ಇಂಥದ್ದಕ್ಕೆ ಸೊಪ್ಪು ಹಾಕುವುದಿಲ್ಲ ಎಂದು ತಿಳಿಯಬೇಡಿ. ಕಾನೂನನ್ನು ಅರ್ಥೈಸುವಾಗ ವಿರಾಮಚಿಹ್ನೆ ಒಂದು ಗೌಣ ಅಂಶ ಎಂದು ಸುಪ್ರೀಂ ಕೋರ್ಟ್ 1952ರಲ್ಲೇ ಹೇಳಿದ್ದುಂಟು. ಆದರೆ 1979ರ ಕಾನೂನು ವರದಿಗಳಲ್ಲಿ ಅಚ್ಚಾದ ಔಷಧ ಮೊಕದ್ದಮೆಯೊಂದರಲ್ಲಿ ಅದೇ ನ್ಯಾಯಾಲಯ ಒಂದು ಕಾಮಾದ ಗೈರುಹಾಜರಿಯನ್ನು ಗಂಭೀರವಾಗಿಯೇ ತೆಗೆದುಕೊಂಡಿತು. ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆಯ 27ನೇ ಕಲಮಿನಲ್ಲಿ ಆಗ ‘ಸ್ಟಾಕ್ಸ್ ಆರ್ ಎಕ್ಸಿಬಿಟ್ಸ್ ಫಾರ್ ಸೇಲ್’ ಎಂದಿತ್ತು. ‘ಸ್ಟಾಕ್ಸ್’ ಆದ ಮೇಲೆ ಕಾಮಾ ಇಲ್ಲದಿರುವುದರಿಂದ ಅದು ಒಂದೇ ತುಂಡು, ಬರೀ ದಾಸ್ತಾನು ಇಟ್ಟುಕೊಂಡರೆ ಆ ಕಲಮಿನ ಅಪರಾಧ ಆಗುವುದಿಲ್ಲ, ಮಾರಾಟಕ್ಕೆಂದು ಇಟ್ಟಿರಬೇಕು ಎಂದು ನ್ಯಾಯಾಲಯ ಓದಿತು. ಮೇಯ್ನ್ ರಾಜ್ಯದ ಪ್ರಕರಣಕ್ಕಿಂತ ಸುಮಾರು ನಾಲ್ಕು ದಶಕ ಮೊದಲಿನ ಮಾತು ಇದು. ಹಾಲಿನ ಲಾರಿಯ ಕಥೆ ಗೊತ್ತಿರುವ ನಮ್ಮವರಿಗೆ ಇದು ಗೊತ್ತಿರುವುದಿಲ್ಲ ಎಂಬುದು ನನಗೆ ಸ್ವಲ್ಪ ಬೇಸರದ ವಿಷಯ.

ಈಗ ನಿಮ್ಮ ಮೆಣಸಿನ ಗುತ್ತಿಗೆ. ಗುತ್ತಿಗೆದಾರರು ಭರಿಸಬೇಕಾದ ಖರ್ಚುಗಳ ಸಾಲು ಹೀಗಿದೆ: ‘ಪಿಕಿಂಗ್, ಥ್ರೆಶಿಂಗ್, ಡ್ರೈಯಿಂಗ್, ಬ್ಯಾಗಿಂಗ್ ಫಾರ್ ಸ್ಟೋರೇಜ್ ಅಂಡ್ ಟ್ರಾನ್ಸ್‌ಪೋರ್ಟ್’. ಮಳಿಗೆಗೆ ಸಾಗಿಸುವ ಲಾರಿ ಬಾಡಿಗೆ ಯಾರದು? ಸಾಗಣೆ ಪ್ರತ್ಯೇಕ ಖರ್ಚು ಎಂದು ಓದಿದರೆ ಗುತ್ತಿಗೆದಾರರದು. ‘ಬ್ಯಾಗಿಂಗ್ ಫಾರ್’ ಎಂಬುದಕ್ಕೆ ಸೇರಿದ್ದು ಎಂದು ಓದಿದರೆ ಅವರದು ಚೀಲ ತುಂಬಿ ಹೊಲಿಯುವ ಖರ್ಚು ಮಾತ್ರ, ಬಾಡಿಗೆ ನಿಮ್ಮದು. ಮೇಯ್ನ್ ರಾಜ್ಯದ ಗಂಟೇ ನಿಮ್ಮ ಪತ್ರದಲ್ಲಿ ಬಿದ್ದಿದೆ, ‘ಇಂಗ್’ ರೂಪದ ವ್ಯತ್ಯಾಸವೂ ಸೇರಿ. ಇಲ್ಲಿ ‘ಅಂಡ್’ ಪದಕ್ಕೆ ಮೊದಲು ಮಗಳು ಹಾಕಿ ಮಾವನವರು ಅಳಿಸಿದ ಕಾಮಾವನ್ನು ಉಳಿಸಿಕೊಂಡರೆ ನಿಮ್ಮ ಕಡೆಗೆ ತುಸು ಬಲ ಬರುತ್ತದೆ ನಿಜ. ಆದರೆ ಸಹಿ ಹಾಕುವವರು, ಸಾಕ್ಷಿ ಹಾಕುವವರು ಯಾರೂ ಆ ಚಿಹ್ನೆಯನ್ನು ಗಮನಿಸಿರುವುದಿಲ್ಲ. ನಾಳೆ ತಗಾದೆ ಬಂದಾಗ ಟೈಪಿಸ್ಟ್ ಹಾಕಿದ್ದು ಎಂದರೆ ಮುಗಿಯಿತು.

ಅದೇ ಪತ್ರದಲ್ಲಿ ಕಾಫಿಯ ಬಗೆಗಿನ ಕಲಮನ್ನೂ ಗಮನಿಸಿ: ‘ಅರೇಬಿಕಾ ಪಾರ್ಚ್‌ಮೆಂಟ್, ರೊಬಸ್ಟಾ ಪಾರ್ಚ್‌ಮೆಂಟ್ ಅಂಡ್ ಚೆರ್ರಿ’. ಪಾರ್ಚ್‌ಮೆಂಟ್ ಎಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ, ಚೆರ್ರಿ ಎಂದರೆ ಇಡೀ ಹಣ್ಣನ್ನೇ ಒಣಗಿಸಿದ್ದು. ಇಲ್ಲಿನ ಚೆರ್ರಿ ರೊಬಸ್ಟಾದ್ದೋ ಎರಡರದ್ದೋ? ಕಾಮಾ ಹಾಕಿದರೆ ಚೆರ್ರಿ ರೊಬಸ್ಟಾದಿಂದ ಬಿಡಿಸಿಕೊಳ್ಳುತ್ತದೆ, ಆದರೆ ಯಾವ ಚೆರ್ರಿ ಎಂಬುದು ಆಗಲೂ ತಿಳಿಯುವುದಿಲ್ಲ. ದರದಲ್ಲಿ ವ್ಯತ್ಯಾಸವಿರುವ ಸರಕು ಇದು. ನಾಲ್ಕು ಬಗೆ ಇದ್ದರೆ ನಾಲ್ಕನ್ನೂ ಪೂರ್ತಿ ಹೆಸರಿನಿಂದ ಬರೆಯಿರಿ.

ಆದ್ದರಿಂದ ಗುತ್ತಿಗೆ ಪತ್ರದಲ್ಲಿ ಖರ್ಚುಗಳನ್ನು ವಾಕ್ಯವಾಗಿ ಬರೆಯುವುದನ್ನೇ ಬಿಡಿ. ಕೊಯ್ಲು, ಗೊಂಚಲಿನಿಂದ ಕಾಳು ಬಿಡಿಸುವುದು, ಒಣಗಿಸುವುದು, ಚೀಲ ತುಂಬುವುದು, ಲಾರಿ ಬಾಡಿಗೆ ಇವಕ್ಕೆ ಸಂಖ್ಯೆ ಹಾಕಿ ಒಂದೊಂದನ್ನೂ ಬೇರೆ ಸಾಲಿನಲ್ಲಿ ಇಡಿ, ಪ್ರತಿ ಸಾಲಿನ ಎದುರು ಖರ್ಚು ಯಾರದು ಎಂದು ಬರೆಸಿ. ಎರಡೂ ಕಡೆಯವರು ಕನ್ನಡ ಬಲ್ಲವರಾಗಿದ್ದರೆ ಕನ್ನಡದಲ್ಲೇ ಬರೆಸುವುದು ಇನ್ನೂ ಲೇಸು. ‘ಕೊಯ್ಲಿನ ಖರ್ಚೂ ಒಣಗಿಸುವ ಖರ್ಚೂ ಲಾರಿ ಬಾಡಿಗೆಯೂ ಗುತ್ತಿಗೆದಾರರದು’ ಎಂದರೆ ಪ್ರತಿಯೊಂದೂ ತನ್ನ ಗುರುತನ್ನು ತಾನೇ ಹೊತ್ತುಕೊಂಡು ಬರುತ್ತದೆ. ಕನ್ನಡದಲ್ಲಿ ‘ಮತ್ತು’ ಎಂಬುದಕ್ಕೆ ಮುಂಚೆ ಕಾಮಾ ಹಾಕುವ ಹೊಸ ಚಾಳಿಯೊಂದು ಶುರುವಾಗಿದೆ. ಅದನ್ನು ಕಂಡಾಗ ಮಾತ್ರ ಮಾವನವರ ಕೆಂಪು ಪೆನ್ನನ್ನು ನಾನೇ ಎರವಲು ಕೇಳುತ್ತೇನೆ.

ಕರಪತ್ರಕ್ಕೆ ನನ್ನ ತೀರ್ಮಾನ ಬೇಕೆಂದರೆ: ಬರುವ ಅತಿಥಿಗಳು ಹೆಚ್ಚಾಗಿ ನಮ್ಮ ದೇಶದವರೇ ಆದ್ದರಿಂದ ಮಾವನವರ ಪದ್ಧತಿಯನ್ನೇ ಇಟ್ಟುಕೊಳ್ಳಿ, ಗೊಂದಲವಾಗುವ ಕಡೆ ಮಾತ್ರ ಕಾಮಾ ಹಾಕಿ. ಮೊದಲ ಪುಟದಲ್ಲಿ ಒಂದು ರೀತಿ, ಹಿಂಬದಿಯಲ್ಲಿ ಇನ್ನೊಂದು ರೀತಿ ಆಗದಂತೆ ನೋಡಿಕೊಳ್ಳಿ. ಮಗಳು ಕಚೇರಿಗೆ ಬರೆಯುವಾಗ ಕಚೇರಿಯ ಪದ್ಧತಿ ಇರಲಿ, ಅದನ್ನು ತಿದ್ದಲು ತಾತನಿಗೆ ಅಧಿಕಾರವಿಲ್ಲ. ರಸ್ತೆ ಬದಿಯ ಫಲಕದಲ್ಲಿ ‘ಅಂಡ್’ ಬದಲು ಅದರ ಸುರುಳಿ ಚಿಹ್ನೆಯನ್ನು (&) ಬಳಸಿದ್ದೀರಿ, ಅದಕ್ಕೆ ಮೊದಲು ಕಾಮಾ ಬೇಡ. ಅಲ್ಲಿ ಷಿಕಾಗೊದವರೂ ಹಾಕುವುದಿಲ್ಲ.